ಕಸ್ಟಮ್ ಫೀಲ್ಡ್ ಆಯ್ಕೆಗಳ ಎಣಿಕೆ

ಪ್ರಾಜೆಕ್ಟ್ ನಿರ್ವಹಣೆಯ ತಂತ್ರಾಂಶಗಳಲ್ಲಿ ಬಳಕೆದಾರರು ತಾವೇ ಸೇರಿಸಿಕೊಂಡ ಫೀಲ್ಡಿನ ಯಾವ ಆಯ್ಕೆ ಎಷ್ಟು ಟಾಸ್ಕುಗಳಲ್ಲಿ ಬಂದಿದೆ ಎಂದು ಲೆಕ್ಕ ಹಾಕಿ ವರದಿಯಲ್ಲಿ ತೋರಿಸುವ ಕ್ರಮ. ಜಿರಾ, ಅಸಾನಾ ಮೊದಲಾದವುಗಳಲ್ಲಿ ಆಯ್ಕೆಯ ಫೀಲ್ಡು ಎರಡು ಬಗೆ: ಒಂದನ್ನೇ ಆರಿಸಬೇಕಾದದ್ದು, ಹಲವನ್ನು ಆರಿಸಬಹುದಾದದ್ದು. ಮೊದಲನೆಯದರಲ್ಲಿ ಪ್ರತಿ ಟಾಸ್ಕೂ ಒಂದೇ ಗುಂಪಿಗೆ ಸೇರುವುದರಿಂದ ಸಾದಾ ಪೈವಟ್ ಟೇಬಲ್ ಸಾಕು. ತೊಡಕೆಲ್ಲ ಎರಡನೆಯದರಲ್ಲಿ. ಎಣಿಸುತ್ತಿರುವುದು ಟಾಸ್ಕನ್ನೋ ಆಯ್ಕೆಗಳಿಗೆ ಹಾಕಿದ ಟಿಕ್ಕನ್ನೋ ಎಂದು ಮೊದಲೇ ತೀರ್ಮಾನಿಸದಿದ್ದರೆ, ಸೂತ್ರ ಸರಿಯಿದ್ದರೂ ವರದಿ ದಾರಿ ತಪ್ಪಿಸುತ್ತದೆ.

20 ದೋಷಗಳನ್ನು ದಾಖಲಿಸಿದ ಪ್ರಾಜೆಕ್ಟೊಂದಿದೆ ಎಂದುಕೊಳ್ಳೋಣ. ‘ದೋಷ ಎಲ್ಲಿ’ ಎಂಬ ಫೀಲ್ಡಿನಲ್ಲಿ 8ಕ್ಕೆ ವೆಬ್ ಮಾತ್ರ, 4ಕ್ಕೆ ಆಂಡ್ರಾಯ್ಡ್ ಮಾತ್ರ, 5ಕ್ಕೆ ಇವೆರಡೂ, 1ಕ್ಕೆ ಐಫೋನೂ ಸೇರಿ ಮೂರೂ ಗುರುತಾಗಿವೆ, 2 ಖಾಲಿ. ಆಗ ವೆಬ್ 14, ಆಂಡ್ರಾಯ್ಡ್ 10, ಐಫೋನ್ 1, ಒಟ್ಟು ಟಿಕ್ಕು 25. ವೆಬ್‌ನ ಪಾಲೆಷ್ಟು? ಎಲ್ಲ ಟಾಸ್ಕುಗಳಲ್ಲಿ ಶೇ 70, ಫೀಲ್ಡು ತುಂಬಿದ 18ರಲ್ಲಿ ಸುಮಾರು ಶೇ 78, ಟಿಕ್ಕುಗಳಲ್ಲಿ ಶೇ 56. ಮೂರೂ ಸರಿಯಾದ ಭಾಗಾಕಾರಗಳೇ. ಆದರೆ ವೆಬ್ ತಂಡದ ಹೊರೆ ತಿಳಿಯಬೇಕಾದವರಿಗೆ ಕೊನೆಯದು ಕೆಲಸಕ್ಕೆ ಬಾರದು: ಹಳೆಯ ಟಾಸ್ಕುಗಳಿಗೆ ಯಾರಾದರೂ ಐಫೋನ್ ಟಿಕ್ಕು ಸೇರಿಸುತ್ತ ಹೋದರೆ, ವೆಬ್ ದೋಷ ಒಂದೂ ಕಡಿಮೆಯಾಗದೆ ಈ ಅಂಕಿ ಇಳಿಯುತ್ತದೆ. ಡ್ಯಾಶ್‌ಬೋರ್ಡುಗಳ ಅಚ್ಚುಮೆಚ್ಚಿನ ಪೈ ಚಾರ್ಟು ಬಿಡಿಸುವುದು ಇದೇ ಶೇ 56ನ್ನು. ವೃತ್ತವನ್ನು ಹಂಚಲು ಅದಕ್ಕೆ ಬೇರೆ ದಾರಿಯಿಲ್ಲ. ಹಲವು ಆಯ್ಕೆಯ ಫೀಲ್ಡಿಗೆ ಅಡ್ಡ ಪಟ್ಟಿಗಳ ಚಾರ್ಟೇ ಸರಿ.

ಎಣಿಸುವ ವಿಧಾನದಲ್ಲೂ ಎಡವಲು ಜಾಗಗಳಿವೆ. ರಫ್ತು ಮಾಡಿದ ಹಾಳೆಯಲ್ಲಿ ‘ವೆಬ್, ಆಂಡ್ರಾಯ್ಡ್’ ಎಂದು ಒಂದೇ ಕೋಶದಲ್ಲಿ ಬಂದಿದ್ದರೆ ಪೈವಟ್ ಟೇಬಲ್ ಅದನ್ನು ಹೊಸದೊಂದು ಬೆಲೆಯೆಂದೇ ಎಣಿಸುತ್ತದೆ. ಮೂರು ಆಯ್ಕೆಗಳಿಂದ 7 ಜೋಡಣೆ, ಆರರಿಂದ 63. ಇದನ್ನು ತಪ್ಪಿಸಲು ಕೌಂಟ್‌ಇಫ್ ಸೂತ್ರಕ್ಕೆ ನಕ್ಷತ್ರ ಚಿಹ್ನೆ ಹಚ್ಚುವುದು ರೂಢಿ. ಆದರೆ ಅದು ‘ಪಾವತಿ’ ಹುಡುಕುವಾಗ ‘ಪಾವತಿ ವಾಪಸಾತಿ’ಯನ್ನೂ ಹಿಡಿದುಕೊಳ್ಳುತ್ತದೆ. ಗಟ್ಟಿಯಾದ ದಾರಿ ಹಳೆಯದೇ. ಐಬಿಎಂನ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಒಂದು ಕೋಶಕ್ಕೆ ಒಂದೇ ಬೆಲೆ. ಅದರಂತೆ ಟಾಸ್ಕು ಮತ್ತು ಆಯ್ಕೆಯ ಪ್ರತಿ ಜೋಡಿಗೂ ಒಂದು ಸಾಲು ಮಾಡಬೇಕು; ಎಕ್ಸೆಲ್‌ನ ಪವರ್ ಕ್ವೆರಿಯಲ್ಲಿ ಕೋಶವನ್ನು ಸಾಲುಗಳಾಗಿ ಒಡೆಯುವ ಸೌಲಭ್ಯವಿದೆ. ಆಮೇಲೆ ಸಾಲುಗಳನ್ನು ಎಣಿಸಿದರೆ ಟಿಕ್ಕು, ಟಾಸ್ಕ್ ಸಂಖ್ಯೆಗಳನ್ನು ಪುನರಾವರ್ತನೆ ಬಿಟ್ಟು ಎಣಿಸಿದರೆ ಟಾಸ್ಕು.

ಟಾಸ್ಕುಗಳ ಲೆಕ್ಕದಲ್ಲಿ ಶೇಕಡಾ ಮೊತ್ತ 100 ದಾಟುವುದು ಓದುವವರನ್ನು ಗಲಿಬಿಲಿಗೊಳಿಸುತ್ತದೆ ಎಂಬ ಆಕ್ಷೇಪವಿದೆ. ಅದಕ್ಕೆ ಉತ್ತರವಾಗಿ ಒಂದು ಉದಾಹರಣೆ: ಅಮೆರಿಕದ 2000ದ ಜನಗಣತಿಯಲ್ಲಿ ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಲು ಮೊದಲ ಸಲ ಅವಕಾಶ ಸಿಕ್ಕಿತು, 28.14 ಕೋಟಿ ಜನರಲ್ಲಿ ಸುಮಾರು 68 ಲಕ್ಷ ಮಂದಿ ಹಾಗೆ ಮಾಡಿದರು. ಗಣತಿ ಇಲಾಖೆ ‘ಇದು ಮಾತ್ರ’ ಮತ್ತು ‘ಇದು ಮಾತ್ರ ಅಥವಾ ಇತರವುಗಳೊಂದಿಗೆ’ ಎಂದು ಎರಡು ಬಗೆಯ ಕೋಷ್ಟಕ ಕೊಟ್ಟಿತು. ಎರಡನೆಯದರ ಮೊತ್ತ ಜನಸಂಖ್ಯೆಯನ್ನು ಮೀರುತ್ತದೆ. ಹಾಗೆಂದು ಸ್ಪಷ್ಟವಾಗಿ ಬರೆದದ್ದರಿಂದ ಅದು ದೋಷವೆನಿಸಲಿಲ್ಲ. ಟಾಸ್ಕಿನ ವರದಿಗೂ ಅಂಥ ಒಂದು ಸಾಲಿನ ಟಿಪ್ಪಣಿ ಸಾಕು. ಎರಡು ಟಿಕ್ಕಿಗೆ ಅರ್ಧ ಅರ್ಧ ಹಂಚಿ ಮೊತ್ತ ಸರಿದೂಗಿಸಬಹುದು ಎನ್ನುವವರೂ ಇದ್ದಾರೆ. ಖರ್ಚು ಹಂಚುವಾಗ ಅದಕ್ಕೆ ಅರ್ಥವಿದೆ, ದೋಷ ಎಣಿಸುವಾಗ ಇಲ್ಲ: ಎರಡು ಕಡೆ ಕಾಣಿಸಿಕೊಂಡ ದೋಷವನ್ನು ಎರಡೂ ಕಡೆ ಪೂರ್ತಿಯಾಗಿಯೇ ಪರೀಕ್ಷಿಸಬೇಕು. ಒಂದೇ ಆಯ್ಕೆಗೆ ಕಟ್ಟಿಹಾಕುವ ಸಲಹೆಯಂತೂ ಎಣಿಕೆಯ ಅನುಕೂಲಕ್ಕಾಗಿ ಮಾಹಿತಿಯನ್ನೇ ಕಳೆಯುತ್ತದೆ.

ತಿಂಗಳಿಂದ ತಿಂಗಳಿಗೆ ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ನಡುವೆ ಹೊಸ ಆಯ್ಕೆ ಸೇರಿದ್ದರೆ ಅದಕ್ಕೂ ಹಿಂದಿನ ಟಾಸ್ಕುಗಳಲ್ಲಿ ಅದರ ಎಣಿಕೆ ಸೊನ್ನೆ ಬರುತ್ತದೆ. ಆ ಸೊನ್ನೆಯ ಅರ್ಥ ‘ದೋಷ ಇರಲಿಲ್ಲ’ ಎಂದಲ್ಲ, ‘ಕೇಳಿರಲಿಲ್ಲ’ ಎಂದು. ಖಾಲಿ ಬಿಟ್ಟ ಟಾಸ್ಕುಗಳಿಗೂ ಇದೇ ಮಾತು ಅನ್ವಯಿಸುವುದರಿಂದ ಅವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು.