ಜಾಗತೀಕರಣ ಮತ್ತು ಸ್ತ್ರೀಪುರುಷರ ವೃತ್ತಿಜೀವನ: ಬೆಂಗಳೂರಿನ ಗಾರ್ಮೆಂಟ್ಸ್ ಉದ್ಯಮ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ಬೆಳೆದು ಮುಂದೆ ಮದ್ದೂರು, ದೊಡ್ಡಬಳ್ಳಾಪುರಗಳಿಗೂ ಹಬ್ಬಿದ ರಫ್ತು ಉದ್ಯಮ. ಕಾರ್ಮಿಕರಲ್ಲಿ ಬಹುಪಾಲು ಸ್ತ್ರೀಯರು. ಹಲವರ ಮನೆಯಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ತಂದವರು ಇವರೇ. ಇಲ್ಲಿ ಕೆಲಸಕ್ಕೆ ಸೇರುವುದು ಸುಲಭ, ಸೇವೆ ಕೂಡಿಸಿಕೊಂಡು ಮೇಲೇರುವುದು ಕಷ್ಟ.

ಕೋಟಾ ಪದ್ಧತಿ: 1974ರ ಬಹುತಂತು ಒಪ್ಪಂದದಂತೆ ಅಮೆರಿಕ ಮತ್ತು ಯುರೋಪಿನ ದೇಶಗಳು ಯಾವ ದೇಶದಿಂದ ಎಷ್ಟು ಉಡುಪು ಬರಬಹುದೆಂದು ಮಿತಿ ಹಾಕುತ್ತಿದ್ದವು. ಭಾರತದ ಪಾಲನ್ನು ರಫ್ತುದಾರರಿಗೆ ಹಂಚುವ ಹೊಣೆ 1978ರಲ್ಲಿ ಸ್ಥಾಪನೆಯಾದ ಉಡುಪು ರಫ್ತು ಉತ್ತೇಜನ ಮಂಡಳಿಯದಾಗಿತ್ತು. ಸಿದ್ಧ ಉಡುಪು ತಯಾರಿಕೆ ಆಗ ಸಣ್ಣ ಕೈಗಾರಿಕೆಗೆ ಮೀಸಲು. 2000ದ ಜವಳಿ ನೀತಿ ನೇಯ್ದ ಬಟ್ಟೆಯ ಉಡುಪುಗಳನ್ನು ಈ ಮೀಸಲಿನಿಂದ ಬಿಡಿಸಿತು. 1995ರಿಂದ ಹಂತಹಂತವಾಗಿ ಸಡಿಲಗೊಂಡ ಕೋಟಾ 2005ರ ಜನವರಿ 1ರಂದು ಕೊನೆಗೊಂಡಿತು. ಪಾಲು ಇಲ್ಲವಾದ ಮೇಲೆ ಆರ್ಡರು ಹಿಡಿಯಲು ಉಳಿದದ್ದು ಬೆಲೆ ಮತ್ತು ಗಡುವು. ಆ ಒತ್ತಡ ನೇರವಾಗಿ ಹೊಲಿಗೆಯ ಲೈನಿಗೆ ಇಳಿಯಿತು.

ಟಾರ್ಗೆಟ್: ಒಂದು ಉಡುಪು ಹೊಲಿಯಲು ಬೇಕಾದ ನಿಗದಿತ ನಿಮಿಷಗಳನ್ನು 'ಸ್ಯಾಮ್' ಎನ್ನುತ್ತಾರೆ. ಉದಾಹರಣೆಗೆ, ಅಂಗಿಯೊಂದರ ಸ್ಯಾಮ್ 20 ನಿಮಿಷ, ಲೈನಿನಲ್ಲಿ 40 ಟೈಲರುಗಳು ಎಂದಿಟ್ಟುಕೊಂಡರೆ ಗಂಟೆಗೆ ದುಡಿಮೆಯ ನಿಮಿಷ 2,400. ಪೂರ್ಣ ದಕ್ಷತೆಯಲ್ಲಿ 120 ಪೀಸು, ಶೇ. 60ರಲ್ಲಿ 72. ಒಬ್ಬಳು ಕಾಲರನ್ನೇ, ಇನ್ನೊಬ್ಬಳು ತೋಳನ್ನೇ ಹೊಲಿಯುವುದರಿಂದ ಇಡೀ ಅಂಗಿ ಹೊಲಿಯುವ ಕಸುಬು ಕೈಗೆ ಹತ್ತುವುದು ವಿರಳ. ಹೆಲ್ಪರ್‌ಗೂ ಟೈಲರ್‌ಗೂ ಕನಿಷ್ಠ ವೇತನದಲ್ಲಿರುವ ಅಂತರ ಅಲ್ಪ.

ಭವಿಷ್ಯನಿಧಿ (ಪಿ.ಎಫ್.) ಮತ್ತು ಸೇವೆ: ಗ್ರಾಚ್ಯುಟಿಗೆ 1972ರ ಕಾಯಿದೆಯಂತೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕಿತ್ತು. ಆದರೆ ಶಾಲೆಯ ಶುಲ್ಕಕ್ಕೋ ಸಾಲ ತೀರಿಸಲಿಕ್ಕೋ ಪಿ.ಎಫ್. ಹಣ ಪೂರ್ತಿ ಪಡೆಯಲು ಕೆಲಸ ಬಿಡುವುದು ಇಲ್ಲಿ ರೂಢಿ. ಬಿಟ್ಟವಳು ಇನ್ನೊಂದು ಕಾರ್ಖಾನೆಗೆ ಹೊಸಬಳಾಗಿ ಸೇರುತ್ತಾಳೆ. ಸೇವೆಯ ಲೆಕ್ಕ ಮತ್ತೆ ಒಂದರಿಂದ. 2016ರ ಫೆಬ್ರುವರಿಯಲ್ಲಿ ಮಾಲೀಕರ ವಂತಿಗೆಯನ್ನು 58 ವಯಸ್ಸಿನವರೆಗೆ ಹಿಂಪಡೆಯದಂತೆ ಕೇಂದ್ರ ಸರ್ಕಾರ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕರು, ಬಹುಪಾಲು ಸ್ತ್ರೀಯರು, ಬೆಂಗಳೂರಿನ ಹೆದ್ದಾರಿಗಳಲ್ಲಿ ಕುಳಿತರು. 19ರಂದೇ ನಿಯಮವನ್ನು ಹಿಂತೆಗೆದುಕೊಳ್ಳಲಾಯಿತು. ಇದನ್ನು ಕೂಲಿಯ ಹೋರಾಟ ಎನ್ನುವುದಕ್ಕಿಂತ, ನಿವೃತ್ತಿಯವರೆಗೆ ಈ ಕೆಲಸದಲ್ಲಿ ಉಳಿಯುತ್ತೇವೆಂಬ ನಂಬಿಕೆ ಇಲ್ಲದವರ ಹೋರಾಟವೆಂದು ಓದುವುದು ಹೆಚ್ಚು ಸರಿಯೆನಿಸುತ್ತದೆ.

ಶಿಶುಪಾಲನೆ: ಮೂವತ್ತಕ್ಕಿಂತ ಹೆಚ್ಚು ಸ್ತ್ರೀಯರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 48ನೇ ಕಲಮು ವಿಧಿಸಿತ್ತು. ಆ ವಿಧಿಯ ಪಾಲನೆ ಏಕರೂಪವಾಗಿರಲಿಲ್ಲ.

ಪುರುಷರು: ಕಟಿಂಗ್, ಯಂತ್ರ ದುರಸ್ತಿ, ಉತ್ಪಾದನಾ ವ್ಯವಸ್ಥಾಪನೆಗಳಲ್ಲಿ ಸಾಮಾನ್ಯವಾಗಿ ಪುರುಷರೇ ಹೆಚ್ಚು. ಕಟಿಂಗಿನವರು ಬಟ್ಟೆಯ ಉಳಿತಾಯವನ್ನು, ದುರಸ್ತಿಯವರು ಯಂತ್ರವನ್ನು ಕಲಿಯುತ್ತಾರೆ; ಅಂಥ ಕಲಿಕೆ ಬೇರೆ ಕಾರ್ಖಾನೆಯಲ್ಲೂ ಬೆಲೆ ತರುತ್ತದೆ. ಸೂಪರ್‌ವೈಸರ್ ಹುದ್ದೆಗೇರಿದ ಸ್ತ್ರೀಯರಿದ್ದಾರೆ, ಅದರಿಂದಾಚೆಗೆ ವಿರಳ.

ಸ್ಥಳಾಂತರ: ಕಾರ್ಖಾನೆಗಳು ತಾಲ್ಲೂಕು ಕೇಂದ್ರಗಳತ್ತ ಸರಿದದ್ದರಿಂದ ವಿವಾಹಿತ ಸ್ತ್ರೀಯರು ಊರಲ್ಲಿದ್ದೇ ದುಡಿಯುವಂತಾಯಿತು. ಆದರೆ ಕನಿಷ್ಠ ವೇತನವನ್ನು ವಲಯವಾರು ನಿಗದಿಪಡಿಸುತ್ತಿದ್ದ ಪದ್ಧತಿಯಲ್ಲಿ ಬೆಂಗಳೂರಿನ ಹೊರಗಿನ ದರ ಕಡಿಮೆ; ಅದೇ ಲೈನು, ಅದೇ ಟಾರ್ಗೆಟ್ಟಿಗೆ ಸಂಬಳ ಮಾತ್ರ ಇಳಿಯಿತು.