ತೊಟ್ಟಿಲ ಮೇಲೆ ಆಟಿಕೆ ಕಟ್ಟಿದರೆ ಮಗುವಿಗೆ ಮೆಳ್ಳೆಗಣ್ಣು ಬರುತ್ತದೆಯೇ?

ತೊಟ್ಟಿಲಿಗೆ ಬಣ್ಣದ ಗಿಲಕಿ ಕಟ್ಟಲು ಹೊರಟರೆ ಮನೆಯ ಹಿರಿಯರು ತಡೆಯುವುದುಂಟು: "ಬೇಡ, ಅದನ್ನೇ ನೋಡಿ ನೋಡಿ ಮಗುವಿಗೆ ಮೆಳ್ಳೆಗಣ್ಣು ಬರುತ್ತೆ." ಇನ್ನೊಂದೆಡೆ, ಕಪ್ಪು-ಬಿಳುಪು ಕಾರ್ಡುಗಳನ್ನು ತೋರಿಸಿದರೆ ಮಗುವಿನ ಬುದ್ಧಿ ಚುರುಕಾಗುತ್ತದೆ ಎನ್ನುವ ಜಾಹೀರಾತುಗಳು. ಎರಡನ್ನೂ ನೋಡೋಣ.

ಆಟಿಕೆ ನೋಡುವುದರಿಂದ ಮೆಳ್ಳೆಗಣ್ಣು ಬರುವುದಿಲ್ಲ. ಹುಟ್ಟಿದ ಮೊದಲ ಎರಡು-ಮೂರು ತಿಂಗಳು ಹಲವು ಶಿಶುಗಳ ಕಣ್ಣುಗಳು ಆಗಾಗ ಬೇರೆ ಬೇರೆ ದಿಕ್ಕಿಗೆ ಹೊರಳುತ್ತವೆ. ಎರಡೂ ಕಣ್ಣುಗಳನ್ನು ಒಟ್ಟಿಗೆ ಒಂದೇ ವಸ್ತುವಿನ ಮೇಲೆ ನಿಲ್ಲಿಸುವುದನ್ನು ಮೆದುಳು ಇನ್ನೂ ಕಲಿಯುತ್ತಿರುತ್ತದೆ. ಆಟಿಕೆ ಕಟ್ಟುವುದೂ ಇದೇ ದಿನಗಳಲ್ಲಿ. ತಪ್ಪು ಆಟಿಕೆಯ ತಲೆಗೆ ಬಂದದ್ದು ಹೀಗೇ ಇರಬೇಕು ಎಂಬುದು ನಮ್ಮ ಊಹೆ.

ಆದರೆ ಆಟಿಕೆ ಬಿಚ್ಚಿಟ್ಟಾಯಿತು, ಇನ್ನು ತಾನಾಗೇ ಸರಿಹೋಗುತ್ತದೆ ಎಂದು ಕಾಯುತ್ತ ಕೂರುವುದು ಅಪಾಯ. ನಾಲ್ಕು ತಿಂಗಳ ನಂತರವೂ ಕಣ್ಣು ಹೊರಳುತ್ತಿದ್ದರೆ, ಅಥವಾ ಅದಕ್ಕೂ ಮೊದಲೇ ಒಂದು ಕಣ್ಣು ಸದಾ ಓರೆಯಾಗಿಯೇ ಇದ್ದರೆ ನೇತ್ರತಜ್ಞರಿಗೆ ತೋರಿಸಿ. ಓರೆಯಾದ ಕಣ್ಣು ಕಳಿಸುವ ಚಿತ್ರವನ್ನು ಮೆದುಳು ಕ್ರಮೇಣ ಕಡೆಗಣಿಸುತ್ತದೆ, ಆ ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯುವುದಿಲ್ಲ. 'ಸೋಮಾರಿ ಕಣ್ಣು' ಎನ್ನುವುದು ಇದನ್ನೇ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳವೆಯಲ್ಲಿ ಕೆಲಕಾಲ ಮುಚ್ಚಿಟ್ಟು ನೋಡಿದರು. ಮತ್ತೆ ತೆರೆದ ಮೇಲೂ ಆ ಕಣ್ಣಿಗೆ ಮೆದುಳಿನ ಜೀವಕೋಶಗಳು ಸರಿಯಾಗಿ ಸ್ಪಂದಿಸಲಿಲ್ಲ. ದೃಷ್ಟಿಯ ಕುರಿತ ಸಂಶೋಧನೆಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಸಂದಿತು. ಮಕ್ಕಳಲ್ಲೂ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಕಣ್ಣಿನ ಪಾಪೆ ಬೆಳ್ಳಗೆ ಕಂಡರಂತೂ, ಅದು ಫೋಟೊದಲ್ಲೇ ಆಗಿರಲಿ, ಒಂದು ದಿನವೂ ತಡ ಬೇಡ. ಅದು ಪೊರೆಯೋ ಕಣ್ಣಿನ ಕ್ಯಾನ್ಸರೋ ಇರಬಹುದು.

ಇನ್ನು ಕಾರ್ಡುಗಳು. ಶಿಶುಗಳು ಬರೀ ಬಣ್ಣದ ಹಾಳೆಗಿಂತ ಚಿತ್ತಾರವಿರುವುದನ್ನು ಹೆಚ್ಚು ಹೊತ್ತು ನೋಡುತ್ತವೆ ಎಂದು ಅಮೆರಿಕದ ರಾಬರ್ಟ್ ಫ್ಯಾಂಟ್ಸ್ 1960ರ ದಶಕದಲ್ಲೇ ತೋರಿಸಿದ್ದರು. ನೋಡುತ್ತವೆ, ನಿಜ. ಅದರಿಂದ ಬುದ್ಧಿ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ನವಜಾತ ಶಿಶುವಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದವರೆಗೆ, ಅಂದರೆ ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ಆ ಮುಖ, ಅಜ್ಜಿಯ ಸೀರೆಯ ದಪ್ಪ ಅಂಚು, ಬೆಳಕಿಗೆ ಎದುರಾದ ಕಿಟಕಿಯ ಸರಳು ಇಷ್ಟೇ ಸಾಕು. ಮೊಬೈಲ್ ಮಾತ್ರ ಬೇಡ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಗಿಲಕಿ ಕಟ್ಟುವುದಾದರೆ ಮಗುವಿನ ಕೈಗೆ ದಾರ ಸಿಗದಂತೆ ಭದ್ರವಾಗಿ ಕಟ್ಟಿ. ಮಗು ಕೈಯೂರಿ ಮೇಲೇಳಲು ಶುರುಮಾಡಿದ ದಿನವೇ ಬಿಚ್ಚಿಬಿಡಿ, ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು.