ಟ್ಯಾಪೆಟ್ಟಿನ ಸದ್ದು

ನಮ್ಮ ಹುನಗುಂದ ಸೀಮೆಯಲ್ಲಿ ಹೊಲಗಳಿಗೆ ಕರೆಂಟು ಬರುವ ಮೊದಲು ಮಲಪ್ರಭೆಯ ನೀರು ದಂಡೆ ಹತ್ತುತ್ತಿದ್ದದ್ದು ಡೀಸೆಲ್ ಎಂಜಿನ್ನುಗಳ ಬಲದಿಂದ. ಒಂದು ಹೊಲದ್ದು ಡುಗುಡುಗು ಅಂದರೆ ಇನ್ನೊಂದರದ್ದು ಟಕಟಕ. ಸದ್ದು ಕೇಳಿಯೇ ಯಾರ ಹೊಲಕ್ಕೆ ನೀರು ಬಿದ್ದಿದೆ ಎಂದು ಹೇಳಬಹುದಿತ್ತು. ನಮ್ಮದು ಒಂದೇ ಸಿಲಿಂಡರಿನ, ಐದು ಅಶ್ವಶಕ್ತಿಯ ಎಂಜಿನ್. ಅದರ ತಲೆಯೊಳಗಿಂದ ಸಣ್ಣಗೆ ಟಿಕ್ ಟಿಕ್ ಎಂಬ ಸಪ್ಪಳ ಸದಾ ಬರುತ್ತಿತ್ತು.

ಪಿಯುಸಿ ರಜೆಯಲ್ಲಿ ಊರಿಗೆ ಬಂದವನಿಗೆ ಆ ಸದ್ದು ರೋಗದ ಹಾಗೆ ಕಂಡಿತು. ಮೇಲಿನ ಮುಚ್ಚಳ ಬಿಚ್ಚಿದೆ. ಒಳಗೆ ತಕ್ಕಡಿಯ ದಂಡಿಯ ಹಾಗೆ ತೂಗುವ ಎರಡು ರಾಕರ್ ಆರ್ಮ್‌ಗಳು. ಒಂದು ತುದಿಯನ್ನು ಕೆಳಗಿನಿಂದ ಪುಶ್ ರಾಡ್ ಎತ್ತುತ್ತದೆ, ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ವಾಲ್ವಿನ ತಲೆಗೂ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಇತ್ತು. ಸಪ್ಪಳ ಬರುತ್ತಿದ್ದದ್ದು ಅಲ್ಲಿಂದಲೇ. ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುವಿ, ಸಂದು ಪೂರ್ತಿ ಮುಚ್ಚಿಬಿಟ್ಟೆ. ಎಂಜಿನ್ ತಣ್ಣಗಿತ್ತು. ಶುರು ಮಾಡಿದರೆ ಟಿಕ್ ಟಿಕ್ ಇಲ್ಲ. ಅಪ್ಪನ ಎದುರು ಎದೆಯುಬ್ಬಿಸಿ ನಿಂತಿದ್ದು ಇವತ್ತಿಗೂ ನೆನಪಿದೆ.

ಎರಡು ವಾರಕ್ಕೆ ಎಂಜಿನ್ ಹೊಗೆ ಉಗುಳತೊಡಗಿತು. ಆಮೇಲೆ ಹ್ಯಾಂಡಲ್ ಎಷ್ಟು ತಿರುವಿದರೂ ಹತ್ತಲಿಲ್ಲ. ಗೋವಿನಜೋಳ ತೆನೆ ಕಟ್ಟುವ ಹೊತ್ತು, ಬ್ಯಾಸಗಿ ಬಿಸಿಲು. ಸಿಲಿಂಡರಿನ ಹೆಡ್ಡನ್ನು ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಇಳಕಲ್ಲಿಗೆ ಒಯ್ದೆವು. ಮಿಸ್ತ್ರಿ ಎಕ್ಸಾಸ್ಟ್ ವಾಲ್ವನ್ನು ಹೊರತೆಗೆದು ನನ್ನ ಅಂಗೈ ಮೇಲಿಟ್ಟರು. ಅದರ ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು.

"ತಮ್ಮಾ, ಅದು ಟಿಕ್ ಅನ್ನಬೇಕು. ಅನ್ನಲಿಲ್ಲಂದ್ರ ಅಂಜಬೇಕು," ಎಂದರು.

ಕಬ್ಬಿಣ ಕಾದರೆ ಬೆಳೆಯುತ್ತದೆ. ಬೆಂಕಿಯ ಬಾಯಲ್ಲಿರುವ ಎಕ್ಸಾಸ್ಟ್ ವಾಲ್ವು ಇನ್ನೂ ಹೆಚ್ಚು. ಬೆಳೆಯಲು ಜಾಗ ಬಿಡದಿದ್ದರೆ ಅದು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಸಂದಿನಿಂದ ಉರಿಗಾಳಿ ನುಗ್ಗುತ್ತದೆ. ವಾಲ್ವು ತನ್ನ ಶಾಖವನ್ನು ಇಳಿಸಿಕೊಳ್ಳುವುದೇ ಸೀಟಿಗೆ ಒತ್ತಿ ಕೂತಾಗ, ಆ ದಾರಿಯೂ ಮುಚ್ಚುತ್ತದೆ. ಅಂಚು ಸುಟ್ಟರೆ ಗಾಳಿಯ ಒತ್ತಡ ನಿಲ್ಲದು; ಒತ್ತಡವಿಲ್ಲದೆ ಡೀಸೆಲ್ ಉರಿಯದು. ಹೊಸ ವಾಲ್ವು ಬಂದು, ಸೀಟು ತಿಕ್ಕಿಸಿ, ಹೆಡ್ಡು ಊರಿಗೆ ಮರಳುವಷ್ಟರಲ್ಲಿ ಅರ್ಧ ಹೊಲ ಒಣಗಿತ್ತು. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈ ಎಂಜಿನ್ನುಗಳು ನಮ್ಮ ಸೀಮೆಗೆ ಬಂದದ್ದಕ್ಕೆ ಒಂದು ಚರಿತ್ರೆಯಿದೆ, ಅದರ ಒಂದು ಎಳೆ ನಮ್ಮ ನೆರೆಯದೇ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹಿಂಜರಿದದ್ದರಿಂದ ಮೊದಲ ನೇಗಿಲುಗಳು ಬಹುಕಾಲ ಬಿಕರಿಯಾಗಲಿಲ್ಲ. ಬೆಳಗಾವಿ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರು ಜಾಗ ಕೊಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಹುಟ್ಟಿದ್ದು 1946ರಲ್ಲಿ. ಇನ್ನೊಂದು ಎಳೆ ಇಂಗ್ಲೆಂಡಿನ ಡರ್ಸ್ಲಿ ಊರಿನದು. 1929ರಲ್ಲಿ ಅಲ್ಲಿನ ಲಿಸ್ಟರ್ ಕಂಪನಿ ತಂದ ನಿಧಾನಗತಿಯ ಎಂಜಿನ್ನು ನಮ್ಮಲ್ಲಿ ಹಿಟ್ಟಿನ ಗಿರಣಿಗಳನ್ನೂ ತಿರುಗಿಸಿತು. ರಾಜಕೋಟೆಯ ಕಾರ್ಖಾನೆಗಳು ಅದರ ಪಡಿಯಚ್ಚುಗಳನ್ನು ಮಾಡಿ ದೇಶದ ತುಂಬ ಹಂಚಿದವು.

ಎಂಜಿನ್ ಬಂದರೆ ಮಿಸ್ತ್ರಿಯೂ ಬರಲೇಬೇಕು. ಇಳಕಲ್ಲಿನ ಆ ಗ್ಯಾರೇಜಿನಲ್ಲಿ ಅವರು ನನಗೆ ಕೆಲಸ ಕಲಿಸಿದ್ದು ಶಿಕ್ಷೆಯೋ ಕರುಣೆಯೋ ತಿಳಿಯದು. ಎಂಜಿನ್ ತಣ್ಣಗಿರಬೇಕು. ಫ್ಲೈವೀಲ್ ತಿರುವುತ್ತ ಇನ್ಲೆಟ್ ರಾಕರ್ ಕೆಳಗಿಳಿದು ಮೇಲೇಳುವುದನ್ನು ನೋಡಬೇಕು, ಆಮೇಲೆ ಪಿಸ್ಟನ್ ತುದಿಗೆ ಬಂದಾಗ ನಿಲ್ಲಿಸಬೇಕು; ಆಗ ಎರಡೂ ವಾಲ್ವು ಮುಚ್ಚಿರುತ್ತವೆ. ಪಿಸ್ಟನ್ ಮೇಲಿದೆ ಎಂದಷ್ಟೇ ನೋಡಿದರೆ ಮೋಸ, ಹೊಗೆ ತಳ್ಳಿ ಮುಗಿಸುವಾಗಲೂ ಅದು ಮೇಲೆಯೇ ಇರುತ್ತದೆ. ಫೀಲರ್ ಗೇಜಿನ ಪಟ್ಟಿ (ನಮ್ಮ ಗ್ಯಾರೇಜುಗಳಲ್ಲಿ ಅದು ಫಿಲ್ಲರ್) ಸಂದಿನಲ್ಲಿ ತುಸು ಹಿಡಿದು ಜಾರಬೇಕು. ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿಯಬೇಕು, ಮತ್ತೊಮ್ಮೆ ಅಳೆಯಬೇಕು. ಬಿಗಿಯುವಾಗಲೇ ಅಳತೆ ತಪ್ಪುವುದು ಹೆಚ್ಚು.

ಬಾದಾಮಿಗೆ ಪ್ರವಾಸಿಗರನ್ನು ತರುತ್ತಿದ್ದ ಅಂಬಾಸಿಡರ್‌ಗಳಿಗೆ ಅವರ ಬಳಿ ಬೇರೆ ಲೆಕ್ಕವಿತ್ತು. 1489 ಸಿಸಿಯ ಆ ಎಂಜಿನ್ನಿಗೆ ಎಂಟು ವಾಲ್ವು, ಸಂದು ಇಂಚಿನ ಸಾವಿರದ ಹದಿನೈದು ಭಾಗ. ಎಂಟನೆಯದು ಪೂರಾ ತೆರೆದಾಗ ಒಂದನೆಯದನ್ನು ಹೊಂದಿಸು, ಆರನೆಯದು ತೆರೆದಾಗ ಮೂರನೆಯದನ್ನು. ಕೂಡಿದರೆ ಒಂಬತ್ತು. ಈ ಮಗ್ಗಿಯನ್ನು ನಾನು ಯಾವ ಪುಸ್ತಕಕ್ಕೂ ಮೊದಲು ಅವರ ಬಾಯಲ್ಲಿ ಕೇಳಿದ್ದು.

ನಾನು ಬಯಸಿದ ಮೌನ ಅಷ್ಟರಲ್ಲಾಗಲೇ ಜಗತ್ತಿನಲ್ಲಿತ್ತು. 1930ರ ಕ್ಯಾಡಿಲಾಕ್‌ನ ಹದಿನಾರು ಸಿಲಿಂಡರಿನ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬುವ ಏರ್ಪಾಡಿತ್ತು. ಮುಂದೆ ಸಾಮಾನ್ಯವಾದ ಹೈಡ್ರಾಲಿಕ್ ಲಿಫ್ಟರಿನ ಹೊಟ್ಟೆಯೊಳಗೆ ಒಂದು ಪುಟ್ಟ ಪ್ಲಂಜರ್, ಅದರಡಿ ಸ್ಪ್ರಿಂಗು ಮತ್ತು ಎಣ್ಣೆ. 1955ರ ಶೆವರ್ಲೆ ವಿ-8ರಂಥ ಎಂಜಿನ್ನಿನಲ್ಲಿ ರಾಕರಿನ ನಟ್ಟನ್ನು ಸಂದು ಮುಗಿಯುವವರೆಗೆ ಇಳಿಸಿ, ಅಲ್ಲಿಂದ ಮುಂದೆ ಅರ್ಧವೋ ಒಂದೋ ಸುತ್ತು ಬೇಕೆಂದೇ ಬಿಗಿಯುತ್ತಾರೆ. ಪ್ಲಂಜರ್ ತನ್ನ ಓಟದ ನಡುವೆ ಕೂರುತ್ತದೆ. ಕಬ್ಬಿಣ ಬೆಳೆದರೆ ಅದು ತಗ್ಗುತ್ತದೆ, ಕುಗ್ಗಿದರೆ ಏರುತ್ತದೆ. ಪುಶ್ ರಾಡನ್ನು ಬೆರಳಲ್ಲಿ ತಿರುವಿ ನೋಡುವುದಕ್ಕಿಂತ ಮೇಲೆ ಕೆಳಗೆ ಅಲುಗಿಸಿ ನೋಡಬೇಕು, ಏಕೆಂದರೆ ಒಳಗಿನ ಸ್ಪ್ರಿಂಗು ಮೆದು. ತಿರುವಿದಾಗ ಬಿಗಿ ಎನಿಸುವ ಹೊತ್ತಿಗೆ ಪ್ಲಂಜರ್ ಆಗಲೇ ತಗ್ಗಿರುತ್ತದೆ. ಅತಿಯಾಗಿ ಬಿಗಿದರೆ ಇಲ್ಲೂ ವಾಲ್ವು ಮುಚ್ಚದು. ನಾನು ಮಾಡಿದ್ದು ಇದನ್ನೇ, ಆದರೆ ತಗ್ಗಲು ಏನೂ ಇಲ್ಲದ ಎಂಜಿನ್ನಿಗೆ.

2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ನಲ್ಲೂ ಹೈಡ್ರಾಲಿಕ್ ಟ್ಯಾಪೆಟ್. ಹಳೆಯ ಬುಲೆಟ್ಟಿನಲ್ಲಿ ಪುಶ್ ರಾಡಿನ ಬುಡದಲ್ಲೇ ನಟ್ಟು ತಿರುವಿ ಹೊಂದಿಸುತ್ತಿದ್ದ ಮಿಸ್ತ್ರಿಯ ಬಳಿ ಅಂಥದ್ದೊಂದು ಬೈಕು ಬಂದ ದಿನ ನಾನೂ ಅಲ್ಲಿದ್ದೆ. ಅವರು ಕಿವಿಯನ್ನು ಎಂಜಿನ್ನಿನ ಹತ್ತಿರ ತಂದು ಬಹಳ ಹೊತ್ತು ಕೇಳಿದರು. ಫಿಲ್ಲರನ್ನು ಒರೆಸಿ ಡಬ್ಬಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪನ ಹೊಲದಾಗ ಈಗ ಏನ್ ಹಾಕೀರಿ?" ಎಂದು ಕೇಳಿದರು.